ಹರಪನಹಳ್ಳಿಯೊಳಗೆ ಯೆನ್, ಪೌಂಡು, ಕೊನೆಗೆ ಅರ್ಧ

ಹರಪನಹಳ್ಳಿಯಲ್ಲಿ ವಿದೇಶಿ ದುಡ್ಡು ಓಡಾಡುತ್ತದೆ ಅಂದರೆ ನಗಬೇಡಿ. ಸರ್ಕಾರಿ ದಾಖಲೆಯೇ ಇದೆ. ‘ನುಡಿ’ಯಲ್ಲಿ ಟೈಪಾದ ಯಾವುದಾದರೂ ಹಳೆಯ ಸುತ್ತೋಲೆಯನ್ನು ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ತೆರೆದು ಊರಿನ ಹೆಸರು ಹುಡುಕಿ. ಮೊದಲಿಗೆ ಗಾಳಿಯಲ್ಲಿ ತೇಲುವ ಪುಟ್ಟ ಸೊನ್ನೆ. ಪಕ್ಕದಲ್ಲಿ ಓರೆಟೋಪಿ ಇಟ್ಟ ಇಂಗ್ಲಿಷಿನ ಎ. ಆಮೇಲೊಂದು ಜಿ, ಮತ್ತೆ ಟೋಪಿಯ ಎ. ಅದರ ಬೆನ್ನಿಗೆ ಜಪಾನಿನ ಯೆನ್. ಯೆನ್ ದಾಟಿದರೆ ಬ್ರಿಟನ್ನಿನ ಪೌಂಡು. ಕೊನೆಗೆ ‘ಳಿ’ ಕೂರಬೇಕಾದ ಜಾಗದಲ್ಲಿ ಒಂದು ಭಾಗಿಸು ಎರಡು, ಅಂದರೆ ಅರ್ಧ. ಅದರ ಕಾಲಬುಡದಲ್ಲಿರಬೇಕಾದ ಒತ್ತು ಎದ್ದು ಬಂದು ಟೋಪಿ ಹಾಕಿದ ಐ ಆಗಿ ಪಕ್ಕದಲ್ಲಿ ನಿಂತಿರುತ್ತದೆ.

ನೆರೆಯವರ ಸ್ಥಿತಿಯೂ ಇದೇ. ಹಗರಿಬೊಮ್ಮನಹಳ್ಳಿಗೆ ಪೌಂಡು ಇದೆ, ಅರ್ಧ ಇದೆ, ಯೆನ್ ಮಾತ್ರ ಮಂಜೂರಾಗಿಲ್ಲ. ಕೊಟ್ಟೂರಿನ ‘ಟ’ ಒತ್ತು ನೆತ್ತಿಯ ಮೇಲೆ ಎರಡು ಚುಕ್ಕೆ ಹೊತ್ತ ಜರ್ಮನ್ ಓ ಆಗಿದೆ. ಕೂಡ್ಲಿಗಿಯ ಕೊನೆಯ ‘ಗಿ’ ಒಂಟಿ ವಿ. ಹೂವಿನ ಹಡಗಲಿಯದು ಇನ್ನೂ ಸೊಗಸು: ಅದರ ‘ಲಿ’ ಉಷ್ಣಾಂಶದ ಡಿಗ್ರಿ ಚಿಹ್ನೆ. ಏಪ್ರಿಲ್ ಮಧ್ಯಾಹ್ನ ಹಡಗಲಿ ಬಸ್ ನಿಲ್ದಾಣದಲ್ಲಿ ನಿಂತವರು ಇದನ್ನು ದೋಷ ಅನ್ನಲಾರರು. ಇಡೀ ಸುತ್ತೋಲೆಯಲ್ಲಿ ಸರಿಯಾಗಿರುವ ಮಾಹಿತಿ ಅದೊಂದೇ ಇರಬಹುದು.

ಇದು ವೈರಸ್ ಕೆಲಸವಲ್ಲ, ಮೊಬೈಲಿನ ತಪ್ಪೂ ಅಲ್ಲ. 1998ರ ‘ಬರಹ’, ಅದರ ಹಿಂದೆಯೇ ಬಂದ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಹುಟ್ಟಿದ ಕಾಲಕ್ಕೆ ಕಂಪ್ಯೂಟರಿಗೆ ಕನ್ನಡ ಬರುತ್ತಿರಲಿಲ್ಲ. ಯುರೋಪಿನ ಅಕ್ಷರಗಳಿಗೆಂದು ಮೀಸಲಾದ ಖಾನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದರು. ಪೌಂಡಿನ ಖಾನೆಯಲ್ಲಿ ‘ನ’ಕಾರದ ಮೈ, ಯೆನ್ ಖಾನೆಯಲ್ಲಿ ‘ಪ’ಕಾರದ ಮೈ, ಟೋಪಿಯ ಎ ಇದ್ದಲ್ಲಿ ತಲೆಕಟ್ಟು. ಆಗಿನ ಮಟ್ಟಿಗೆ ಅದು ಬುದ್ಧಿವಂತಿಕೆಯೇ. ಅದಿಲ್ಲದಿದ್ದರೆ ತಾಲ್ಲೂಕು ಕಚೇರಿಯ ಪ್ರಿಂಟರಿನಿಂದ ಕನ್ನಡದ ಒಂದು ಹಾಳೆಯೂ ಹೊರಬರುತ್ತಿರಲಿಲ್ಲ, ಹಾಗಾಗಿ ಮಾಡಿದವರಿಗೆ ನಮಸ್ಕಾರ ಸಲ್ಲಬೇಕು. ಆದರೆ ಯೂನಿಕೋಡ್‌ನವರು 1991ರಲ್ಲೇ ಕನ್ನಡಕ್ಕೆ 128 ಖಾನೆಗಳ ಸ್ವಂತ ಬಡಾವಣೆ ಕೊಟ್ಟಿದ್ದರು. ಹಕ್ಕುಪತ್ರ ಕೈಯಲ್ಲಿಟ್ಟುಕೊಂಡು ಇನ್ನೂ ಪರದೇಶದವರ ಪಡಸಾಲೆಯಲ್ಲಿ ಬಾಡಿಗೆಗಿರುವವರು ನಾವು. ಯೂನಿಕೋಡನ್ನೇ ಬಳಸಿ ಎಂದು ಸರ್ಕಾರ ಆದೇಶ ಹೊರಡಿಸಿ ಹತ್ತು ವರ್ಷ ದಾಟಿತು. ಆ ಆದೇಶವನ್ನು ಕಚೇರಿಗಳು ಶಿರಸಾವಹಿಸಿ, ನುಡಿಯಲ್ಲಿ ಟೈಪು ಮಾಡಿ, ಫೈಲಿಗೆ ಸೇರಿಸಿದವು.

ಇಲ್ಲಿ ನಾರ್ವೆಯ ಒಬ್ಬರನ್ನು ಕರೆತರಬೇಕು. ಹೋಕನ್ ವಿಯುಮ್ ಲೀ ಎಂಬಾತ 1994ರಲ್ಲಿ ಜಿನೀವಾ ಪಕ್ಕದ ಸರ್ನ್ ಸಂಸ್ಥೆಯಲ್ಲಿದ್ದಾಗ ಒಂದು ಸಲಹೆ ಮುಂದಿಟ್ಟರು. ವೆಬ್ ಪುಟದಲ್ಲಿ ಏನು ಹೇಳುತ್ತೀರೋ ಅದು ಒಂದು ಕಡೆ ಇರಲಿ, ಅದು ಹೇಗೆ ಕಾಣಬೇಕೋ ಅದನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ಯಾವ ಫಾಂಟ್, ಎಷ್ಟು ಗಾತ್ರ, ಯಾವ ಬಣ್ಣ, ಸಾಲಿಗೂ ಸಾಲಿಗೂ ಎಷ್ಟು ಅಂತರ, ಎಲ್ಲ ಆ ಹಾಳೆಯ ಪಾಲು. ಅದೇ ಸಿಎಸ್ಎಸ್, ಆ ಹಾಳೆಯೇ ಸ್ಟೈಲ್‌ಶೀಟ್. ಅದರ ಮೊದಲ ಆವೃತ್ತಿ 1996ರ ಡಿಸೆಂಬರಿನಲ್ಲಿ ಅಧಿಕೃತವಾಯಿತು. ಕನ್ನಡದ ಮೊದಲ ಜಾಲತಾಣ, ಪವನಜರ ‘ವಿಶ್ವಕನ್ನಡ’, ಶುರುವಾದದ್ದೂ 1996ರಲ್ಲೇ. ಅಂದರೆ ನಾವು ತಡವಾಗಿ ಬಂದವರಲ್ಲ. ಬಂದು ಬಾಗಿಲಲ್ಲೇ ಕೂತವರು.

ಲೀ ಅವರ ಸೂತ್ರ ಸರಳ: ವಿಷಯ ಬೇರೆ, ವೇಷ ಬೇರೆ. ನಮ್ಮ ಕಚೇರಿಯ ಕನ್ನಡದಲ್ಲಿ ಇದು ನಡೆಯಲಿಲ್ಲ. ಅಲ್ಲಿ ವೇಷವೇ ವಿಷಯ. ಫಾಂಟ್ ಎಂಬ ವೇಷ ಕಳಚಿದ ಕೂಡಲೇ ಒಳಗೆ ಪಾತ್ರಧಾರಿಯೇ ಇಲ್ಲ. ಈ ಪದ್ಧತಿ ಫಾಂಟಿಗೇ ನಿಂತಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ.

ಹರಪನಹಳ್ಳಿಯನ್ನೇ ನೋಡಿ. 1953ರ ಅಕ್ಟೋಬರ್ ಒಂದರವರೆಗೆ ಮದ್ರಾಸಿನ ಬಳ್ಳಾರಿ, ಆಮೇಲೆ ಮೈಸೂರಿನ ಬಳ್ಳಾರಿ. 1997ರಲ್ಲಿ ಹೊಸ ಜಿಲ್ಲೆಗಳಾದಾಗ ದಾವಣಗೆರೆ. 2018ರಲ್ಲಿ ಮರಳಿ ಬಳ್ಳಾರಿ. 2021ರಲ್ಲಿ ವಿಜಯನಗರ. ವಿಷಯ ಒಂದೇ: ಅದೇ ಊರು, ಅದೇ ಮಳೆಯಾಶ್ರಿತ ಹೊಲ, ಅದೇ ಮೆಕ್ಕೆಜೋಳ. ಸ್ಟೈಲ್‌ಶೀಟ್ ಮಾತ್ರ ನಾಲ್ಕು ಸಲ ಬದಲಾಯಿತು. ಒಬ್ಬ ಅಜ್ಜ ಮನೆಯ ಕಟ್ಟೆಯಿಂದ ಕೆಳಗಿಳಿಯದೆಯೇ ಎರಡು ರಾಜ್ಯ, ಮೂರು ಜಿಲ್ಲೆಗಳಲ್ಲಿ ವಾಸ ಮಾಡಿ ಮುಗಿಸಿದ. ಪ್ರತಿ ಸಲವೂ ಅವನಿಗೆ ಸಿಕ್ಕಿದ್ದು ಹೊಸ ಲೆಟರ್‌ಹೆಡ್.

ಸಿಎಸ್ಎಸ್ ಓದಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿ ಇನ್ಹೆರಿಟೆನ್ಸ್ ಎಂಬ ನಿಯಮ ಇದೆ. ಮಗುವಿಗೆ ಪ್ರತ್ಯೇಕವಾಗಿ ಏನೂ ಬರೆಯದಿದ್ದರೆ ಅಪ್ಪನ ಬಣ್ಣ, ಅಪ್ಪನ ಫಾಂಟ್ ತಾನಾಗಿ ಇಳಿದು ಬರುತ್ತದೆ. 2012ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371 ಜೆ ವಿಧಿ ಬಳ್ಳಾರಿ ಎಂಬ ಅಪ್ಪನಿಗೆ ಬಂತು. ಕೂಡ್ಲಿಗಿಗೆ, ಹಡಗಲಿಗೆ, ಹಗರಿಬೊಮ್ಮನಹಳ್ಳಿಗೆ ಅದು ಸಲೀಸಾಗಿ ಇಳಿಯಿತು. ಹರಪನಹಳ್ಳಿ ಆ ಹೊತ್ತಿಗೆ ದಾವಣಗೆರೆಯ ಮಗು. ಅದೇ ನೆಲ, ಅದೇ ಬಡತನ, ಆದರೆ ಪುಟದ ರಚನೆಯಲ್ಲಿ ಬೇರೆ ಅಪ್ಪನ ಕೆಳಗಿದ್ದ ಕಾರಣ ವಿಶೇಷ ಸ್ಥಾನಮಾನ ಇಲ್ಲ. ಹೋರಾಟ ಮಾಡಿ, ಧರಣಿ ಕೂತು, ಅಪ್ಪನನ್ನು ಬದಲಾಯಿಸಿಕೊಂಡು ಬರಬೇಕಾಯಿತು. ಇಷ್ಟಾಗಿ, ಸಿಎಸ್ಎಸ್‌ನಲ್ಲಿ ಎಲ್ಲವೂ ಇಳಿದು ಬರುವುದಿಲ್ಲ. ಬಣ್ಣ ಬರುತ್ತದೆ, ಗಡಿ ಬರುವುದಿಲ್ಲ. 2021ರಲ್ಲಿ ಈ ಐದೂ ತಾಲ್ಲೂಕು ಹೊಸಪೇಟೆಯ ಜೊತೆ ಹೊಸ ಜಿಲ್ಲೆಗೆ ಬಂದವು. ಗಣಿ ಇರುವ ಸಂಡೂರು ಬಳ್ಳಾರಿಯಲ್ಲೇ ಉಳಿಯಿತು. ವೈಭವದ ಹೆಸರು ಇಳಿದು ಬಂತು, ಅದಿರು ಬರಲಿಲ್ಲ.

ದಪ್ಪ ಅಕ್ಷರದ ವಿಚಾರಕ್ಕೆ ಬರೋಣ. ಸಿಎಸ್ಎಸ್‌ನಲ್ಲಿ ಅಕ್ಷರದ ದಪ್ಪವನ್ನು 100ರಿಂದ 900ರವರೆಗೆ ಅಳೆಯುತ್ತಾರೆ. 400 ಅಂದರೆ ಸಾಮಾನ್ಯ, 700 ಅಂದರೆ ಬೋಲ್ಡ್. ಬಹಳಷ್ಟು ಕನ್ನಡ ಫಾಂಟುಗಳಿಗೆ ಇರುವುದು ಒಂದೇ ದಪ್ಪ. ಬೋಲ್ಡ್ ಕೇಳಿದರೆ ಬ್ರೌಸರ್ ಅದೇ ಅಕ್ಷರದ ಅಂಚಿಗೆ ಮಸಿ ಬಳಿದು ಉಬ್ಬಿಸಿ ಕೊಡುತ್ತದೆ. ಗುಡಿಸಿನ ಒಳಗಿನ ಕಿಂಡಿ ಮುಚ್ಚಿ ಹೋಗುತ್ತದೆ, ‘ಷ’ದ ಹೊಟ್ಟೆಗೆರೆ ಕಾಣದಾಗುತ್ತದೆ. ಆಡಳಿತಕ್ಕೂ ಇಂಥ ಅಳತೆಪಟ್ಟಿ ಗೊತ್ತು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವು ಎಂದು ಗುರುತಿಸಿ ಮೂರು ದಪ್ಪ ಕೊಟ್ಟಿತು: 35 ಹಿಂದುಳಿದ, 40 ಅತಿ ಹಿಂದುಳಿದ, 39 ಅತ್ಯಂತ ಹಿಂದುಳಿದ. ಕೂಡ್ಲಿಗಿ, ಹರಪನಹಳ್ಳಿಗೆ ಸಿಕ್ಕಿದ್ದು 900, ಅತ್ಯಂತ. ಸಮಿತಿ ತನ್ನ ಕೆಲಸ ಶ್ರದ್ಧೆಯಿಂದ ಮಾಡಿತ್ತು. ಆಮೇಲಿನವರು ಬ್ರೌಸರಿನ ಕೆಲಸ ಮಾಡಿದರು. ಇದ್ದುದನ್ನೇ ಉಬ್ಬಿಸಿ ತೋರಿಸಿದರು, ಒಳಗಿನ ಕಿಂಡಿ ಮುಚ್ಚಿತು.

ಕನ್ನಡಕ್ಕೆ ಮಾರಕವಾದ ಸಿಎಸ್ಎಸ್ ಸಾಲು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಲೈನ್-ಹೈಟ್ ಅನ್ನುತ್ತೇನೆ. ಇಂಗ್ಲಿಷಿಗೆ ಅಕ್ಷರದ ಗಾತ್ರದ ಒಂದೂಕಾಲು ಪಟ್ಟು ಎತ್ತರ ಸಾಕು. ಬೆಂಗಳೂರಿನ ಗಾಜಿನ ಕಟ್ಟಡದಲ್ಲಿ ಕೂತ ವಿನ್ಯಾಸಕಾರ ಇಂಗ್ಲಿಷಿನಲ್ಲಿ ಚೌಕ ಅಳೆದು, ಸಾಲುಗಳನ್ನು ಬಿಗಿ ಮಾಡಿ, ಚೌಕ ಮೀರಿದ್ದನ್ನು ಮುಚ್ಚಿಡು ಎಂದು ಓವರ್‌ಫ್ಲೋ ಹಿಡನ್ ಬರೆದು, ಕಾಫಿಗೆ ಹೋಗುತ್ತಾನೆ. ಆಮೇಲೆ ಯಾರೋ ಆ ಚೌಕಕ್ಕೆ ಕನ್ನಡ ಸುರಿಯುತ್ತಾರೆ. ಕನ್ನಡದ ಅರ್ಧ ಸಂಸಾರ ಗೆರೆಯ ಕೆಳಗಿದೆ ಎಂಬುದು ಅವನಿಗೆ ಯಾರೂ ಹೇಳಿರುವುದಿಲ್ಲ. ಒತ್ತುಗಳೆಲ್ಲ ಕತ್ತರಿಗೆ ಸಿಗುತ್ತವೆ. ಹರಪನಹಳ್ಳಿ ‘ಹರಪನಹಳಿ’ಯಾಗುತ್ತದೆ. ಕೊಟ್ಟೂರು ‘ಕೊಟೂರು’. ಕೂಡ್ಲಿಗಿ ‘ಕೂಡಿಗಿ’. ಹಗರಿಬೊಮ್ಮನಹಳ್ಳಿಗೆ ಎರಡು ಕಡೆ ಗಾಯ. ಐದರಲ್ಲಿ ಬಚಾವಾಗುವುದು ಹೂವಿನ ಹಡಗಲಿ ಒಂದೇ. ಆ ಹೆಸರಿನಲ್ಲಿ ಒತ್ತಕ್ಷರವೇ ಇಲ್ಲ. ಯಾರೋ ಹಿರಿಯರು ಮುಂದಾಲೋಚನೆಯಿಂದ ಇಟ್ಟ ಹೆಸರು.

ಒಂದು ಇಲಾಖೆಯ ಮುಖಪುಟದಲ್ಲಿ ‘ಅಭಿವೃದ್ಧಿಗೆ ಒತ್ತು’ ಎಂಬ ಶೀರ್ಷಿಕೆ ನೋಡಿದೆ. ಒತ್ತು ಇರಲಿಲ್ಲ. ಎರಡು ಪದದಲ್ಲೂ.

ಗೋಡೆಗೆ ಅಕ್ಷರ ಬರೆಯುತ್ತಿದ್ದ ಪೇಂಟರುಗಳಿಗೆ ಇದೆಲ್ಲ ಕೈಯಲ್ಲೇ ಇತ್ತು. ಸುಣ್ಣದ ದಾರ ಎಳೆದು ಮೇಲೊಂದು ಕೆಳಗೊಂದು ಗೆರೆ ಹೊಡೆದು, ಕೆಳಗಿನ ಗೆರೆಯ ಅಡಿಯಲ್ಲಿ ಇನ್ನರ್ಧ ಗೇಣು ಬಿಟ್ಟು, ಆಮೇಲೆಯೇ ಡಬ್ಬದಲ್ಲಿ ಬ್ರಷ್ ಅದ್ದುತ್ತಿದ್ದರು. ಕೊಟ್ಟೂರಿನ ಜಾತ್ರೆಗೆ ಬರುವ ನಾಟಕ ಕಂಪನಿಗಳ ಬೋರ್ಡುಗಳಲ್ಲಿ ‘ಶ್ರೀ’ಯ ರಕಾರದ ಕೊಂಡಿ ಕೆಳಗಿನ ಸಾಲಿಗೆ ಸೊಂಡಿಲು ಚಾಚಿ, ಅಲ್ಲಿನ ‘ಗ’ದ ತಲೆ ಸವರಿ ಹಿಂತಿರುಗುತ್ತಿತ್ತು. ಈಗ ಅದೇ ‘ಶ್ರೀ’ಯನ್ನು ವೆಬ್ ಪುಟದಲ್ಲಿ ಹಾಕಿ, ಮೊದಲ ಅಕ್ಷರ ದೊಡ್ಡದಾಗಿರಲಿ ಎಂದು ಫಸ್ಟ್-ಲೆಟರ್ ಸೂಚನೆ ಕೊಡಿ. ಕೆಲವು ಬ್ರೌಸರುಗಳಲ್ಲಿ ‘ಶ್’ ಒಂದು ದೊಡ್ಡದಾಗಿ ನಿಂತು, ‘ರೀ’ ಪಕ್ಕದಲ್ಲಿ ಚಿಕ್ಕದಾಗಿ ಕೂರುತ್ತದೆ. ಮೊದಲು ಬಾಯಿ ಮುಚ್ಚಿಸಿ, ಆಮೇಲೆ ಮರ್ಯಾದೆ ಕೊಟ್ಟ ಹಾಗೆ. ನಮ್ಮ ಕಚೇರಿಗಳಿಗೆ ಒಪ್ಪುವ ಕ್ರಮವೇ ಬಿಡಿ.

ಹಗರಿಬೊಮ್ಮನಹಳ್ಳಿಯ ಕಷ್ಟ ಇನ್ನೊಂದು ಬಗೆಯದು. ಕಣ್ಣಿಗೆ 8 ಅಕ್ಷರ. ಯೂನಿಕೋಡಿನ ಲೆಕ್ಕದಲ್ಲಿ 15 ಸಂಕೇತ. ಕಂಪ್ಯೂಟರಿನ ಉಗ್ರಾಣದಲ್ಲಿ 45 ಬೈಟು. ಇಂಗ್ಲಿಷ್ ಹೆಸರುಗಳಿಗೆ ಅಳೆದ ಅರ್ಜಿ ನಮೂನೆಯ ಖಾನೆಗೆ ಇದು ಸುತರಾಂ ಹಿಡಿಯುವುದಿಲ್ಲ. ‘ಹಗರಿಬೊಮ್…’ ಅಂದು ಮೂರು ಚುಕ್ಕೆ ಇಟ್ಟು ಪುಟ ಕೈತೊಳೆದುಕೊಳ್ಳುತ್ತದೆ. ಬಸ್ಸಿನವರು ಈ ಸಮಸ್ಯೆಯನ್ನು ಯಾವ ಸಾಫ್ಟ್‌ವೇರ್ ಕಂಪನಿಗೂ ಕಾಯದೆ ‘ಹ.ಬೊ.ಹಳ್ಳಿ’ ಎಂದು ಬರೆದು ಬಗೆಹರಿಸಿದ್ದಾರೆ. ಅವರಿಗೆ ಬೋರ್ಡಿನ ಅಗಲ ಗೊತ್ತು, ಹತ್ತುವವರ ಅವಸರವೂ ಗೊತ್ತು.

ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವಿಲ್ಲ. ಟೆಕ್ಸ್ಟ್-ಟ್ರಾನ್ಸ್‌ಫಾರ್ಮ್ ಅಪ್ಪರ್‌ಕೇಸ್ ಎಂದು ಬರೆದರೆ ಕನ್ನಡದ ಮೇಲೆ ಏನೂ ಆಗುವುದಿಲ್ಲ, ಸಾಲು ಹಾಗೇ ತಣ್ಣಗೆ ಕೂತಿರುತ್ತದೆ. ದೊಡ್ಡಕ್ಷರ ಇಲ್ಲದಿದ್ದರೇನು, ದೊಡ್ಡವರಿದ್ದಾರೆ. ಅವರಿಗಾಗಿ ಸಿಎಸ್ಎಸ್‌ನಲ್ಲಿ ಇಂಪಾರ್ಟೆಂಟ್ ಎಂಬ ಪದವಿದೆ, ಹಿಂದೊಂದು ಆಶ್ಚರ್ಯಚಿಹ್ನೆ ಕಡ್ಡಾಯ. ಯಾವುದಾದರೂ ಸಾಲಿನ ಮುಂದೆ ಅದನ್ನು ಜಡಿದರೆ ಉಳಿದ ನಿಯಮಗಳೆಲ್ಲ ಬದಿಗೆ ಸರಿಯಬೇಕು. ತೀರ ಇಕ್ಕಟ್ಟಿನಲ್ಲಿ ಮಾತ್ರ ಬಳಸಿ ಎಂದು ಎಲ್ಲ ಪಾಠಗಳಲ್ಲೂ ಹೇಳುತ್ತಾರೆ. ಜಾತ್ರೆಯ ಹೊತ್ತಿಗೆ ನಮ್ಮ ಕಡೆಯ ಸರ್ಕಲ್ಲಿನಲ್ಲಿ ನಿಂತು ತಲೆಯೆತ್ತಿ ನೋಡಿ. ಒಂದೇ ಫ್ಲೆಕ್ಸಿನಲ್ಲಿ ಇಪ್ಪತ್ತು ಮುಖ, ಇಪ್ಪತ್ತೂ ಇಂಪಾರ್ಟೆಂಟ್. ದೇವರ ಫೋಟೊ ಮೇಲೆ ಮೂಲೆಯಲ್ಲಿ ಪಾಸ್‌ಪೋರ್ಟ್ ಸೈಜು, ಶಾಸಕರದ್ದು ಮಂಚದಷ್ಟು, ಶುಭಕೋರುವ ಹುಡುಗರದ್ದು ಸಾಲಾಗಿ ಬಟಾಣಿ ಕಾಳಿನಷ್ಟು. ಸಿಎಸ್ಎಸ್‌ನಲ್ಲಿ ಎಲ್ಲರೂ ಇಂಪಾರ್ಟೆಂಟ್ ಆಗಿ ಉಳಿದದ್ದೂ ಸಮಸಮ ಇದ್ದರೆ ಕೊನೆಗೆ ಬಂದವನ ಮಾತು ನಡೆಯುತ್ತದೆ. ಚುನಾವಣೆಯ ಮುನ್ನಾದಿನ ಪಕ್ಷ ಬದಲಿಸುವವರಿಗೆ ಈ ನಿಯಮ ಯಾರು ಕಲಿಸಿದರೋ.

ಬಣ್ಣದ ಬಗ್ಗೆ ಒಂದು ಕಹಿ ಸತ್ಯ. ವೆಬ್‌ನ ಸುಗಮ್ಯತಾ ಮಾನದಂಡ ಹೇಳುವುದೇನೆಂದರೆ, ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ಅನುಪಾತ ಕನಿಷ್ಠ 4.5 ಇರಬೇಕು, ದೊಡ್ಡ ಅಕ್ಷರಕ್ಕೆ 3 ಸಾಕು. ಅಚ್ಚ ಕೆಂಪಿನ ಮೇಲೆ ಅಚ್ಚ ಹಳದಿ ಬರೆದರೆ ಬರುವುದು ಸುಮಾರು 3.7. ಅಂದರೆ ನಮ್ಮ ಅಭಿಮಾನದ ಬಣ್ಣಗಳಲ್ಲಿ ರಾಜ್ಯೋತ್ಸವದ ಬ್ಯಾನರು ಪಾಸು, ಅದೇ ಬಣ್ಣದಲ್ಲಿ ಬರೆದ ಸಣ್ಣಕ್ಷರದ ಸುತ್ತೋಲೆ ನಪಾಸು. ಘೋಷಣೆ ಓದಬಹುದು, ಷರತ್ತು ಓದಲಾಗದು. ಇದನ್ನು ಯಾರೂ ಬೇಕೆಂದು ಮಾಡಿರಲಿಕ್ಕಿಲ್ಲ, ಆದರೂ ಎಷ್ಟು ಅನುಕೂಲ!

ಯಾವ ಸ್ಟೈಲೂ ಇಲ್ಲದ ಪಠ್ಯ ಹೇಗಿರುತ್ತದೆ ಎಂದು ನೋಡಬೇಕಾದರೆ ಭಾರತ ಹುಣ್ಣಿಮೆಯ ಹೊತ್ತಿಗೆ ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋಗಬೇಕು. ಲಕ್ಷಗಟ್ಟಲೆ ಜನ ಡೆಂಕನಮರಡಿಯಲ್ಲಿ ನೆರೆದಿರುತ್ತಾರೆ. ಗೊರವಪ್ಪ ಬಿಲ್ಲು ಏರಿ ‘ಸದ್ದಲೇ’ ಎಂದು ಕೂಗುತ್ತಾನೆ. ಅಷ್ಟು ಜನವೂ ತೆಪ್ಪಗಾಗುತ್ತದೆ. ಒಂದೇ ಒಂದು ಸಾಲಿನ ಕಾರ್ಣಿಕ ನುಡಿದು ಅವನು ಕೆಳಗೆ ಬೀಳುತ್ತಾನೆ. ಮುಗಿಯಿತು. ಬೋಲ್ಡಿಲ್ಲ, ಬಣ್ಣವಿಲ್ಲ, ಗಾತ್ರವಿಲ್ಲ. ಅದಾದ ಮೇಲೆ ಬ್ರೌಸರುಗಳ ಸರದಿ. ರೈತನಿಗೆ ಅದು ಮಳೆಯಾಗಿ ಕಾಣುತ್ತದೆ, ದಲ್ಲಾಳಿಗೆ ಈರುಳ್ಳಿ ಧಾರಣೆಯಾಗಿ, ರಾಜಕಾರಣಿಗೆ ಮುಖ್ಯಮಂತ್ರಿ ಕುರ್ಚಿಯಾಗಿ. ಸಂಜೆಯ ಹೊತ್ತಿಗೆ ಟೀವಿಯವರು ಅದೇ ಸಾಲಿಗೆ ಬೆಂಕಿ ಹಚ್ಚಿ, ನೆರಳು ಕೊಟ್ಟು, ಮೂರು ಆಯಾಮದಲ್ಲಿ ಗಿರಗಿರ ತಿರುಗಿಸಿ, ಹಿಂದೆ ಗುಡುಗು ಹಾಕಿ ತೋರಿಸುತ್ತಾರೆ. ಗೊರವಪ್ಪ ಹನ್ನೊಂದು ದಿನ ಉಪವಾಸ ಇದ್ದು ಹೇಳಿದ್ದು ಒಂದು ಸಾಲು, ಅದಕ್ಕೆ ಇವರು ಹಾಕಿದ ಸಿಎಸ್ಎಸ್ ಒಂದು ಗಂಟೆ.

ಫಾಂಟುಗಳ ಹೆಸರಿನಲ್ಲೂ ನಮಗೆ ಅನ್ಯಾಯವಾಗಿದೆ ಎಂದು ಒಂದು ಹೋರಾಟ ಶುರುಮಾಡಲು ಅವಕಾಶವಿದೆ, ಖಾಲಿ ಇರುವ ಮುಖಂಡರು ಗಮನಿಸಿ. ವಿಂಡೋಸ್ ಜೊತೆ ವರ್ಷಗಟ್ಟಲೆ ಬಂದ ಕನ್ನಡ ಫಾಂಟಿನ ಹೆಸರು ‘ತುಂಗಾ’. ಇಂಗ್ಲಿಷ್ ಅಕ್ಷರದ ಪಕ್ಕದಲ್ಲಿ ಅದು ಎಷ್ಟು ಪುಟ್ಟದಾಗಿ ಕಾಣುತ್ತಿತ್ತೆಂದರೆ, ಬೇಸಿಗೆಯ ಹೊಳೆಯನ್ನು ನೋಡಿಯೇ ಹೆಸರಿಟ್ಟಿರಬೇಕು. ತುಂಗಭದ್ರೆಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರು ನಾವು, ಫಾಂಟಿಗೆ ‘ಭದ್ರಾ’ ಸೇರಿಸುವ ಸೌಜನ್ಯವನ್ನೂ ಯಾರೂ ತೋರಲಿಲ್ಲ. ಗೂಗಲ್‌ನ ಫಾಂಟುಗಳಲ್ಲಿ ‘ಹುಬ್ಬಳ್ಳಿ’ ಇದೆ. ‘ಬೆಣ್ಣೆ’ ಇದೆ, ಹರಪನಹಳ್ಳಿಯವರು ದಾವಣಗೆರೆ ಬಿಟ್ಟು ಬಂದಾಗ ಅದೂ ಕೈತಪ್ಪಿತು. ಬೇರೆ ಕಡೆ ‘ಗುಬ್ಬಿ’, ‘ನವಿಲು’, ‘ಮಲ್ಲಿಗೆ’ ಇವೆ. ಹಡಗಲಿಯವರನ್ನು ಕೇಳದೆ ಮಲ್ಲಿಗೆ ಎಂದು ಹೆಸರಿಟ್ಟದ್ದು ಹೇಗೆ? ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಕರಡಿಧಾಮವಿದೆ, ‘ಗುಡೇಕೋಟೆ ಬ್ಲ್ಯಾಕ್’ ಎಂಬ 900 ದಪ್ಪದ, ಅಂಚೆಲ್ಲ ರೋಮ ಎದ್ದ ಫಾಂಟಿಗೆ ಈಗಲೇ ಮನವಿ ಸಲ್ಲಿಸಬಹುದು. ಶಂಕುಸ್ಥಾಪನೆಗೆ ಸಚಿವರು ಸಿದ್ಧರಿರುತ್ತಾರೆ.

ನಗೆ ಸಾಕು. ಬಸ್ ನಿಲ್ದಾಣದೆದುರಿನ ಒಂದು ಡಿಟಿಪಿ ಅಂಗಡಿಗೆ ಬನ್ನಿ. ಊರು ಐದರಲ್ಲಿ ಯಾವುದಾದರೂ ಆಗಬಹುದು. ಪರಿಹಾರದ ಪಟ್ಟಿ ಬಿಟ್ಟಿದ್ದಾರೆ ಎಂದು ಕೇಳಿ ಬಂದ ರೈತನೊಬ್ಬ ಮೊಬೈಲ್ ಮುಂದೆ ಹಿಡಿದಿದ್ದಾನೆ. ಪರದೆಯ ತುಂಬ ಟೋಪಿ ಹಾಕಿದ ಎ, ಚುಕ್ಕೆ ಹೊತ್ತ ಓ. ಅವನ ಮಗ ಪಿಯುಸಿ, ಹುಡುಕು ಖಾನೆಯಲ್ಲಿ ಅಪ್ಪನ ಹೆಸರನ್ನು ಕನ್ನಡದಲ್ಲೇ ಟೈಪು ಮಾಡಿದ್ದಾನೆ. ‘ಯಾವುದೇ ಫಲಿತಾಂಶವಿಲ್ಲ’ ಎಂದು ಬಂದಿದೆ. ಸಹಜವೇ. ಹುಡುಗ ಹುಡುಕಿದ್ದು ಕನ್ನಡವನ್ನು, ಪಟ್ಟಿಯಲ್ಲಿರುವುದು ಕನ್ನಡದ ವೇಷ ಹಾಕಿದ ಯುರೋಪು.

‘ನಿಮ್ ಹೆಸ್ರು ಇಲ್ಲ ಅಂತ ತೋರಸ್ತೈತಿ, ಆದ್ರ ಇರಬೌದ್ರಿ’ ಅನ್ನುತ್ತಾನೆ ಅಂಗಡಿಯವ. ಸರ್ಕಾರಿ ಕನ್ನಡದ ಸ್ಥಿತಿಯನ್ನು ಇದಕ್ಕಿಂತ ಚೊಕ್ಕವಾಗಿ ನಾನು ಕೇಳಿಲ್ಲ. ಅವನು ಪಟ್ಟಿಯನ್ನು ತನ್ನ ಹಳೆಯ ಕಂಪ್ಯೂಟರಿಗೆ ಇಳಿಸಿಕೊಂಡು, ವರ್ಡಿನಲ್ಲಿ ತೆರೆದು, ಎಲ್ಲವನ್ನೂ ಆಯ್ಕೆ ಮಾಡಿ, ಫಾಂಟುಗಳ ಸಾಲಿನಲ್ಲಿ ‘ನುಡಿ 01 ಇ’ ಒತ್ತುತ್ತಾನೆ. ಒಂದು ಕ್ಷಣದಲ್ಲಿ ಟೋಪಿಗಳೆಲ್ಲ ತಲೆಕಟ್ಟಾಗಿ, ಪೌಂಡುಗಳೆಲ್ಲ ‘ನ’ ಆಗಿ ಊರು, ಸರ್ವೆ ನಂಬರು, ಹೆಸರು ಎದ್ದು ಬರುತ್ತವೆ. ರೈತ ನಂಬಲಾರದೆ ನೋಡುತ್ತಾನೆ. ಇಪ್ಪತ್ತು ರೂಪಾಯಿ. ಇದನ್ನು ನಾನು ಲಂಚ ಅನ್ನಲಾರೆ. ಸರ್ಕಾರದ ಕನ್ನಡವನ್ನು ಜನರ ಕನ್ನಡಕ್ಕೆ ತರುವ ಕೆಲಸಕ್ಕೆ ಕೂಲಿ ಅಷ್ಟೆ. ಹರಪನಹಳ್ಳಿ ಪಕ್ಕದ ಬಾಗಳಿಯ ಕಲ್ಲೇಶ್ವರ ಗುಡಿಯ ಶಾಸನಗಳನ್ನು ಓದಲು ಲಿಪಿತಜ್ಞರು ಬೇಕು, ಅವು ಸಾವಿರ ವರ್ಷದ ಆಚೀಚಿನವು. ಹೋದ ವರ್ಷದ ಸುತ್ತೋಲೆಗೂ ಲಿಪಿತಜ್ಞರು ಬೇಕಾದದ್ದು ನಮ್ಮ ಸಾಧನೆ. ಬಾಗಳಿಯ ಶಾಸನಗಳಾದರೂ ‘ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳು’ ಎಂಬ ಸಂಪುಟದಲ್ಲಿ 1939ರಲ್ಲೇ ಅಚ್ಚಾದವು. ಓದಿಕೊಟ್ಟವರಲ್ಲಿ ಆರ್. ಶಾಮಶಾಸ್ತ್ರಿಗಳೂ ಒಬ್ಬರು. ಸುತ್ತೋಲೆಗೆ ಈ ಅಂಗಡಿಯವನೇ ಶಾಮಶಾಸ್ತ್ರಿ.

ಅವನನ್ನೇ ಕೇಳಿದೆ, ಯೂನಿಕೋಡಿನಲ್ಲಿ ಯಾಕೆ ಟೈಪು ಮಾಡಬಾರದು? ಅದೇ ಕೀಲಿಮಣೆ, ಅದೇ ವಿನ್ಯಾಸ, ನುಡಿಯಲ್ಲೇ ಆ ಸೌಲಭ್ಯ ಇದೆ. ‘ಮಾಡಬೌದ್ರಿ. ಆದ್ರ ಪೇಜ್‌ಮೇಕರ್‌ನ್ಯಾಗ ಬರಂಗಿಲ್ಲ, ಲಗ್ನಪತ್ರಿಕಿ ಡಿಸೈನ್ ಎಲ್ಲಾ ಅದ್ರಾಗ ಅದಾವು. ಸಾಹೇಬ್ರು ಕೊಡೋ ಫೈಲೂ ನುಡಿನ. ನಾನೊಬ್ಬ ಬದಲಾದ್ರ ನಂಗ ಕೆಲ್ಸ ಇರಂಗಿಲ್ರಿ.’ ಅವನ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಸಾಹೇಬರನ್ನು ಕೇಳಿದರೆ, ‘ಡಿಟಿಪಿಯವರು ಕೊಡೋದೇ ಹಾಗೆ’ ಅನ್ನುತ್ತಾರೆ.

ಇನ್ನು ಕೆಲವು ಕಚೇರಿಗಳು ಈ ತಂಟೆಯೇ ಬೇಡವೆಂದು ಸುತ್ತೋಲೆಯನ್ನು ಪ್ರಿಂಟ್ ತೆಗೆದು, ಸಹಿ ಹಾಕಿ, ಸೀಲು ಒತ್ತಿ, ಮತ್ತೆ ಸ್ಕ್ಯಾನ್ ಮಾಡಿ ಏರಿಸುತ್ತವೆ. ಆಗ ಅದು ಅಕ್ಷರವೇ ಅಲ್ಲ, ಅಕ್ಷರದ ಫೋಟೊ. ಹುಡುಕಲು ಬರುವುದಿಲ್ಲ, ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಅಲ್ಲಿ ಏನೂ ಇಲ್ಲ. ಕನ್ನಡಕ್ಕೆ ಇಟಾಲಿಕ್ ಇಲ್ಲ ಎನ್ನುವ ಪಂಡಿತರು ಇಂಥ ಪುಟ ನೋಡಬೇಕು. ಸ್ಕ್ಯಾನರಿನಲ್ಲಿ ಹಾಳೆ ಓರೆಯಾಗಿ ಕೂತು ಇಡೀ ಆಡಳಿತವೇ ಹದಿನೈದು ಡಿಗ್ರಿ ವಾಲಿಕೊಂಡಿರುತ್ತದೆ.

ಹಾಗಾದರೆ ಖರ್ಚು ಎಷ್ಟಾದೀತು? ಲೆಕ್ಕ ಹಾಕಿ ಹೇಳುತ್ತೇನೆ, ಟೆಂಡರ್ ಕರೆಯುವವರಿಗೆ ಬೇಸರವಾಗಬಹುದು. ಟೈಪು ಮಾಡುವಾಗ ಯೂನಿಕೋಡ್ ಆರಿಸಿ, ಒಂದು ಕ್ಲಿಕ್ಕು. ಪುಟದ ತಲೆಯಲ್ಲಿ ಇದು ಕನ್ನಡ ಎಂದು ಹೇಳಿ, ಎರಡಕ್ಷರದ ಭಾಷಾ ಸಂಕೇತ ಸಾಕು. ಫಾಂಟ್-ಫ್ಯಾಮಿಲಿಯಲ್ಲಿ ಏರಿಯಲ್‌ನ ಜೊತೆಗೆ ನೋಟೊ ಸಾನ್ಸ್ ಕನ್ನಡದಂಥ ಒಂದು ಹೆಸರು ಸೇರಿಸಿ, ಅದಕ್ಕೆ ಕಾಸಿಲ್ಲ. ಲೈನ್-ಹೈಟನ್ನು 1.6ರ ಮೇಲೆ ಇಡಿ. ಓರೆ ಮಾಡಬೇಡಿ, ಅಡಿಗೆರೆ ಎಳೆದು ಒತ್ತುಗಳ ಕುತ್ತಿಗೆ ಕೊಯ್ಯಬೇಡಿ, ಅಕ್ಷರಗಳ ನಡುವೆ ಅಂತರ ಹಿಗ್ಗಿಸಬೇಡಿ. ಊಟಕ್ಕೆ ಮುಂಚೆ ಮುಗಿಯುವ ಕೆಲಸ. ಇದರಲ್ಲಿ ಕೋಟಿಯ ಮಾತೇ ಬರುವುದಿಲ್ಲ, ಆದ್ದರಿಂದ ಆಗುವುದೂ ಇಲ್ಲ.

ಆಗುವುದು ಏನೆಂದರೆ ಸಭೆ. ನವೀಕರಣ ಎಂದು ಹೆಸರು. ಗುತ್ತಿಗೆದಾರ ಲ್ಯಾಪ್‌ಟಾಪ್ ತೆರೆದು ಹೊಸ ಮುಖಪುಟ ತೋರಿಸುತ್ತಾನೆ. ಹಂಪಿಯ ಕಲ್ಲಿನ ರಥ ತೇಲಿ ಬರುತ್ತದೆ, ಸುದ್ದಿಯ ಸಾಲು ಬಲದಿಂದ ಎಡಕ್ಕೆ ಓಡುತ್ತದೆ, ಐದು ವರ್ಷದ ಹಿಂದಿನ ಪ್ರಕಟಣೆಯ ಪಕ್ಕದಲ್ಲಿ ‘ಹೊಸತು’ ಎಂಬ ಕೆಂಪು ಚಿತ್ರ ಮಿಣುಕುತ್ತದೆ. ಮಿಣುಕುವ ಅಕ್ಷರ ಕಣ್ಣಿಗೆ ಹಿಂಸೆ ಎಂದು 2013ರಲ್ಲಿ ಫೈರ್‌ಫಾಕ್ಸ್ ಕೂಡ ಆ ಸೌಲಭ್ಯ ಕಿತ್ತುಹಾಕಿತು, ಆದರೆ ಸಭೆಗೆ ಫೈರ್‌ಫಾಕ್ಸನ್ನು ಆಹ್ವಾನಿಸಿಲ್ಲ.

‘ಅಕ್ಷರ ಎದ್ದು ಕಾಣಬೇಕು’ ಎನ್ನುತ್ತಾರೆ ಅಧ್ಯಕ್ಷತೆ ವಹಿಸಿದವರು.

‘ಯಾವ ಅಕ್ಷರ ಸಾರ್?’

‘ಎಲ್ಲಾ.’

ನಿರ್ಣಯ ಅಂಗೀಕಾರವಾಗುತ್ತದೆ. ಎಲ್ಲ ಅಕ್ಷರ ಬೋಲ್ಡ್, ಎಲ್ಲ ಶೀರ್ಷಿಕೆ ಕೆಂಪು. ಪುಟದ ತಳದಲ್ಲಿ ಸಾರ್ವಜನಿಕರ ಅನುಕೂಲಕ್ಕಾಗಿ ಒಂದು ಸೂಚನೆಯನ್ನೂ ಸೇರಿಸಲಾಗುತ್ತದೆ: ಕನ್ನಡ ಸರಿಯಾಗಿ ಕಾಣದಿದ್ದಲ್ಲಿ ನುಡಿ ಫಾಂಟನ್ನು ಇಳಿಸಿಕೊಳ್ಳತಕ್ಕದ್ದು. ಆ ಸೂಚನೆಯೂ ನುಡಿಯಲ್ಲೇ ಟೈಪಾಗಿರುತ್ತದೆ.